ಕಲ್ಲುಗೋಡೆಯ ಮನೆಯಲ್ಲಿ ಒಂದು ಇಂಟರ್‌ನೆಟ್ ಸಂಪರ್ಕ, ಎರಡು ಕಂಪ್ಯೂಟರ್: ಹಂಚಿಕೊಳ್ಳುವುದು ಹೇಗೆ?

ಖಣದಂಗಡಿ, ಗುಳೇದಗುಡ್ಡ

ಎಲ್ಲರಿಗೂ ನಮಸ್ಕಾರ. ನಮ್ಮದು ಖಣ ನೇಯಿಸಿ ಮಾರುವ ಮನೆತನ. ಮುಂದಿನ ಪಡಸಾಲೆಯೇ ಅಂಗಡಿ. ನಡುಮನೆ ದಾಟಿದರೆ ಎರಡು ಕೈಮಗ್ಗಗಳಿರುವ ಕೋಣೆ, ಅದರ ಪಕ್ಕದಲ್ಲಿ ಮಗಳು ಓದುವ ಕೋಣೆ. ಗೋಡೆಗಳೆಲ್ಲ ಅಜ್ಜನ ಕಾಲದ ಕಲ್ಲಿನವು, ಕೆಲವು ಕಡೆ ಎರಡು ಅಡಿಗಿಂತಲೂ ದಪ್ಪವಾಗಿವೆ.

ಫೈಬರ್ ಸಂಪರ್ಕ ಪಡಸಾಲೆಗೆ ಬಂದಿದೆ. 40 ಎಂಬಿಪಿಎಸ್ ವೇಗದ ಯೋಜನೆ. ಗೋಡೆಗೆ ಕೂರಿಸಿದ ಪೆಟ್ಟಿಗೆಯಿಂದ ಅಂಗಡಿಯ ಕಂಪ್ಯೂಟರಿಗೆ ಒಂದು ಕೇಬಲ್ ಹೋಗಿದೆ. ಬಿಲ್ಲು, ಜಿಎಸ್‌ಟಿ ಲೆಕ್ಕ, ವ್ಯಾಪಾರಸ್ಥರಿಗೆ ಖಣಗಳ ಫೋಟೊ ಕಳುಹಿಸುವುದು ಎಲ್ಲವೂ ಅದರಲ್ಲೇ ನಡೆಯುತ್ತದೆ. ಈಗ ಮಗಳು ದ್ವಿತೀಯ ಪಿಯುಸಿಯಲ್ಲಿದ್ದು, ಸಿಇಟಿ ತಯಾರಿಗೆಂದು ವಿಡಿಯೊ ಪಾಠಗಳನ್ನು ನೋಡಬೇಕಾಗಿದೆ. ಅವಳ ಕೋಣೆಗೆ ಬೇರೆ ಕಂಪ್ಯೂಟರ್ ತಂದಿದ್ದೇವೆ. ಆದರೆ ವೈಫೈ ಅಲ್ಲಿಯವರೆಗೆ ಬರುವಷ್ಟರಲ್ಲಿ ಒಂದೇ ಗೆರೆ ಉಳಿಯುತ್ತದೆ, ಬಾಗಿಲು ಮುಚ್ಚಿದರೆ ಅದೂ ಇಲ್ಲ. ಪಾಠ ನಡೆಯುತ್ತಿದ್ದಾಗಲೇ ಚಿತ್ರ ನಿಂತುಹೋಗಿ, ಮೇಷ್ಟ್ರು ಬಿಡಿಸುತ್ತಿದ್ದ ಲೆಕ್ಕದ ನಡುವಿನ ಮೆಟ್ಟಿಲು ತಪ್ಪಿಹೋಗುತ್ತದೆ. ಪುಸ್ತಕ ಹಿಡಿದುಕೊಂಡು ಅವಳು ಪಡಸಾಲೆಗೆ ಬಂದು ಗಿರಾಕಿಗಳ ನಡುವೆ ಕುಳಿತು ನೋಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಪರಿಚಯದವರೊಬ್ಬರು, ಹಳೆಯ ರೌಟರ್ ಒಂದನ್ನು ತಂದು ಹಿಂದೆ ಹಾಕಿದರೆ ಸಾಕು ಎಂದರು. ಬಾಗಲಕೋಟೆಯಲ್ಲಿ ಬಳಸಿದ ರೌಟರ್ ಒಂದು ಸಿಕ್ಕಿತು. ಸಿದ್ಧ ಕೇಬಲನ್ನು ನೆಲದ ಮೇಲೆಯೇ ಹಾಸಿ, ಒಂದು ತುದಿಯನ್ನು ಗೋಡೆಯ ಪೆಟ್ಟಿಗೆಗೆ, ಇನ್ನೊಂದನ್ನು ಹಳೆಯ ರೌಟರಿನ ಹಳದಿ ಬಣ್ಣದ ಒಂದು ತೂತಿಗೆ ಸಿಕ್ಕಿಸಿದೆ. ಅರ್ಧ ಗಂಟೆಯ ನಂತರ ಮಗಳ ಕಂಪ್ಯೂಟರ್ ಮಾತ್ರವಲ್ಲ, ಅಂಗಡಿಯದೂ ನಿಂತಿತು. ಅಂದು ಜಿಎಸ್‌ಟಿ ರಿಟರ್ನ್ ಸಲ್ಲಿಸುವ ಕೊನೆಯ ದಿನವಾಗಿತ್ತು. ಹಳೆಯ ರೌಟರನ್ನು ಕಿತ್ತು, ಎಲ್ಲವನ್ನೂ ಆರಿಸಿ ಮತ್ತೆ ಹಚ್ಚಿದ ಮೇಲೆ ಅಂಗಡಿಯದು ಸರಿಹೋಯಿತು.

ನನ್ನ ಪ್ರಶ್ನೆಗಳಿಷ್ಟು. ಎರಡನೆಯ ಸಂಪರ್ಕ ತೆಗೆದುಕೊಳ್ಳದೆ ಎರಡೂ ಕಂಪ್ಯೂಟರುಗಳನ್ನು ನಡೆಸಬಹುದೇ? ನಡೆಸಿದರೆ ವೇಗ ಅರ್ಧವಾಗುತ್ತದೆಯೇ? ಅಂಗಡಿಯ ಕಂಪ್ಯೂಟರಿನಿಂದಲೇ ಇನ್ನೊಂದಕ್ಕೆ ಸಂಪರ್ಕ ಕೊಡಬಹುದು ಎಂದು ಕೇಳಿದ್ದೇನೆ, ಅದು ಒಳ್ಳೆಯದೇ? ಮತ್ತು ಅಂದು ನಾನು ಮಾಡಿದ ತಪ್ಪು ಯಾವುದು?

ತಂತಿಕೆಲಸ, ವಿಜಯಪುರ

ಅಣ್ಣನವರೇ, ನಮಸ್ಕಾರ. ನಾನು ಇಪ್ಪತ್ತು ವರ್ಷಗಳಿಂದ ಕೇಬಲ್ ಎಳೆಯುವ ಕೆಲಸದಲ್ಲಿದ್ದೇನೆ. ಕರಿಕಲ್ಲಿನ ವಾಡೆಗಳಲ್ಲಿಯೂ, ತಗಡಿನ ಶೀಟಿನ ಗೋದಾಮುಗಳಲ್ಲಿಯೂ ಇದೇ ತೊಂದರೆಯನ್ನು ಕಂಡಿದ್ದೇನೆ. ಮೊದಲು ಹೇಳಬೇಕಾದ ಮಾತೆಂದರೆ, ನಿಮಗೆ ಎರಡನೆಯ ಸಂಪರ್ಕವೂ ಬೇಕಾಗಿಲ್ಲ, ಸದ್ಯಕ್ಕೆ ಎರಡನೆಯ ರೌಟರೂ ಬೇಕಾಗಿಲ್ಲ. ನಿಮಗೆ ಬೇಕಾಗಿರುವುದು ಗೋಡೆಯ ಪೆಟ್ಟಿಗೆಯಿಂದ ನೇರವಾಗಿ ಮಗಳ ಕಂಪ್ಯೂಟರಿಗೆ ಹೋಗುವ ಒಂದು ಒಳ್ಳೆಯ ಕೇಬಲ್.

ಗೋಡೆಗೆ ಕೂರಿಸಿರುವ ಆ ಪೆಟ್ಟಿಗೆ ಬೆಳಕಿನ ಎಳೆಯಿಂದ ಬರುವ ಸಂಕೇತವನ್ನು ಬಿಡಿಸಿಕೊಳ್ಳುವುದರ ಜೊತೆಗೆ ರೌಟರಿನ ಕೆಲಸವನ್ನೂ ಮಾಡುತ್ತದೆ. ಅವಿಭಕ್ತ ಕುಟುಂಬದ ಮನೆಗೆ ಅಂಚೆಯವನು ಬಂದರೆ ಎಲ್ಲ ಪತ್ರಗಳನ್ನೂ ಒಂದೇ ಬಾಗಿಲಿನಲ್ಲಿ ಕೊಟ್ಟು ಹೋಗುತ್ತಾನೆ. ಯಾವುದು ಯಾರಿಗೆ ಎಂದು ನೋಡಿ ಒಳಗೆ ಹಂಚುವವರು ಮನೆಯ ಹಿರಿಯರು. ರೌಟರ್ ಆ ಹಿರಿಯರ ಜಾಗದಲ್ಲಿದೆ. ಹೊರಜಗತ್ತಿಗೆ ನಿಮ್ಮ ಮನೆಯದು ಒಂದೇ ವಿಳಾಸ. ಒಳಗಿನ ಪ್ರತಿಯೊಂದು ಕಂಪ್ಯೂಟರಿಗೂ ಮೊಬೈಲಿಗೂ 192.168 ಎಂದು ಶುರುವಾಗುವ ಮನೆಬಳಕೆಯ ವಿಳಾಸವೊಂದನ್ನು ಅದೇ ಕೊಡುತ್ತದೆ. ಇಂಟರ್‌ನೆಟ್ಟಿನ ಹಳೆಯ ವಿಳಾಸ ಪದ್ಧತಿಯಲ್ಲಿ ಒಟ್ಟು ಸುಮಾರು 430 ಕೋಟಿ ವಿಳಾಸಗಳು ಮಾತ್ರ ಇರುವುದರಿಂದ, ಇಂಥ ಒಳಬಳಕೆಗೆಂದೇ ಕೆಲವು ಸಾಲುಗಳನ್ನು ಬೇರೆ ತೆಗೆದಿಟ್ಟಿದ್ದಾರೆ. ಹೀಗಾಗಿ ಒಂದು ಸಂಪರ್ಕದ ಮೇಲೆ ಎರಡು ಕಂಪ್ಯೂಟರ್ ನಡೆಸುವುದಕ್ಕೆ ಬೇಕಾದ ಏರ್ಪಾಡು ನಿಮ್ಮ ಪೆಟ್ಟಿಗೆಯಲ್ಲಿ ಮೊದಲಿನಿಂದಲೂ ಇದೆ.

ಈಗ ನಿಮ್ಮ ತಪ್ಪಿನ ವಿಚಾರ. ಇದು ನಿಮ್ಮೊಬ್ಬರದಲ್ಲ, ಹಳೆಯ ರೌಟರ್ ತಂದವರಲ್ಲಿ ಹೆಚ್ಚಿನವರು ಇಲ್ಲಿಯೇ ಎಡವುತ್ತಾರೆ. ಮನೆಯೊಳಗೆ ವಿಳಾಸ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎನ್ನುತ್ತೇವೆ. ನೀವು ಕೇಬಲನ್ನು ಹಳದಿ ತೂತಿಗೆ, ಅಂದರೆ ಮನೆಯೊಳಗಿನ ಜಾಲಕ್ಕೆಂದು ಇರುವ ಲ್ಯಾನ್ ಪೋರ್ಟಿಗೆ ಸಿಕ್ಕಿಸಿದ್ದರಿಂದ ಎರಡೂ ಪೆಟ್ಟಿಗೆಗಳು ಒಂದೇ ಜಾಲದೊಳಗೆ ಬಂದವು, ಎರಡೂ ವಿಳಾಸ ಹಂಚತೊಡಗಿದವು. ಅದರ ಮೇಲೆ ಎರಡರ ಸ್ವಂತ ವಿಳಾಸವೂ ಬಹುಶಃ 192.168.1.1 ಆಗಿರಬೇಕು. ಅಂಗಡಿಯ ಕಂಪ್ಯೂಟರ್ ಹೊರಗೆ ಹೋಗಲು ದಾರಿ ಕೇಳಿದಾಗ, ಹೊರದಾರಿಯೇ ಇಲ್ಲದ ಹಳೆಯ ರೌಟರ್ ‘ಬಾ, ನಾನೇ ಹೆಬ್ಬಾಗಿಲು’ ಎಂದು ಉತ್ತರ ಕೊಟ್ಟಿತು. ಕೂಡಲೇ ಆಗದೆ ಅರ್ಧ ಗಂಟೆ ಬಿಟ್ಟು ಆದದ್ದಕ್ಕೂ ಕಾರಣವಿದೆ: ಕಂಪ್ಯೂಟರುಗಳು ಒಮ್ಮೆ ತಿಳಿದುಕೊಂಡ ದಾರಿಯನ್ನು ಸ್ವಲ್ಪ ಹೊತ್ತು ನೆನಪಿಟ್ಟುಕೊಂಡು, ಆಮೇಲೆ ಮತ್ತೆ ಕೇಳುತ್ತವೆ.

ಮುಂದೆ ಹಿಂದಿನ ಕೋಣೆಯಲ್ಲಿ ಮೊಬೈಲುಗಳಿಗೂ ವೈಫೈ ಬೇಕೆನಿಸಿದರೆ ಅದೇ ಹಳೆಯ ರೌಟರನ್ನು ಬಳಸಬಹುದು. ಅದನ್ನು ಮೊದಲು ಒಂಟಿಯಾಗಿ ಒಂದು ಕಂಪ್ಯೂಟರಿಗೆ ಜೋಡಿಸಿ, ಬ್ರೌಸರಿನಲ್ಲಿ ಅದರ ಸೆಟ್ಟಿಂಗಿನ ಪುಟ ತೆರೆದು, ಡಿಎಚ್‌ಸಿಪಿಯನ್ನು ನಿಲ್ಲಿಸಿರಿ. ಅದರ ವಿಳಾಸವನ್ನು 192.168.1.2 ಎಂದು ಬದಲಿಸಿ, ಆ ಸಂಖ್ಯೆ ಬೇರೆ ಯಾವ ಸಾಧನಕ್ಕೂ ಹೋಗದಂತೆ ಗೋಡೆಯ ಪೆಟ್ಟಿಗೆಯ ಹಂಚಿಕೆಯ ಸಾಲನ್ನು 192.168.1.10ರಿಂದ ಮುಂದಕ್ಕೆ ಇಡಿರಿ. ಹಳೆಯ ಪಾಸ್‌ವರ್ಡ್ ತೆಗೆದು ಹೊಸದನ್ನು ಹಾಕಿರಿ. ಬಳಸಿದ ರೌಟರಿನಲ್ಲಿ ಇದನ್ನು ಮರೆಯಲೇಬಾರದು. ಆನಂತರ ಕೇಬಲನ್ನು ಲ್ಯಾನ್ ಪೋರ್ಟಿಗೇ ಹಾಕಿದರೆ ಅದು ಹಂಚುವ ಹಿರಿತನ ಬಿಟ್ಟು, ಕೇವಲ ವೈಫೈ ಕೊಡುವ ಕೆಲಸ ಮಾಡುತ್ತದೆ.

ಗೋಡೆಯ ಸಂಗತಿ ಹೇಳುವುದಾದರೆ, 2.4 ಗಿಗಾಹರ್ಟ್ಸ್ ವೈಫೈ 5 ಗಿಗಾಹರ್ಟ್ಸಿಗಿಂತ ಗೋಡೆಗಳನ್ನು ಚೆನ್ನಾಗಿ ದಾಟುತ್ತದೆ ನಿಜ, ಆದರೆ ಎರಡಡಿ ಕಲ್ಲಿನ ಮುಂದೆ ಎರಡೂ ಸೋಲುತ್ತವೆ. ಅಂಗಡಿಗಳಲ್ಲಿ ಸಿಗುವ ಅಗ್ಗದ ರಿಪೀಟರನ್ನು ತರಬೇಡಿರಿ. ಅದು ಕೇಳಿಸಿಕೊಂಡದ್ದನ್ನೇ ಅದೇ ಅಲೆಯಲ್ಲಿ ಮತ್ತೆ ಕೂಗಿ ಹೇಳುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ, ಮತ್ತು ಒಂದೇ ಗೆರೆ ಬರುವ ಜಾಗದಲ್ಲಿ ಇಟ್ಟರೆ ಅದಕ್ಕೇ ಏನೂ ಕೇಳಿಸುವುದಿಲ್ಲ.

ಕೇಬಲ್ ಕ್ಯಾಟ್-6 ಎಂಬ ದರ್ಜೆಯದಿರಲಿ, ಪೂರ್ತಿ ತಾಮ್ರದ್ದೇ ಇರಲಿ. ಅಲ್ಯೂಮಿನಿಯಂ ತಂತಿಗೆ ತಾಮ್ರದ ಲೇಪ ಕೊಟ್ಟ ಕೇಬಲ್ ಕಡಿಮೆ ಬೆಲೆಗೆ ಸಿಗುತ್ತದೆ. ತುದಿಯನ್ನು ಚಾಕುವಿನಿಂದ ಮೆಲ್ಲಗೆ ಕೆರೆದರೆ ಒಳಗಿನ ಬಿಳಿ ಕಾಣುತ್ತದೆ. ನಿಮ್ಮ ಮನೆಯ ಉದ್ದ ಅರವತ್ತು ಅಡಿ ಎಂದುಕೊಂಡರೂ ಹದಿನೆಂಟು ಮೀಟರ್ ಆಯಿತು, ಈ ಕೇಬಲಿಗೆ 100 ಮೀಟರಿನವರೆಗೆ ಅನುಮತಿ ಇದೆ. ಕಲ್ಲುಗೋಡೆಗೆ ರಂಧ್ರ ಹೊಡೆಯಲು ಹೋಗಬೇಡಿರಿ. ಹಳೆಯ ಗೋಡೆಗಳಲ್ಲಿ ಹೊರಗೆ ಒಂದು ಸಾಲು, ಒಳಗೆ ಒಂದು ಸಾಲು ಕಲ್ಲು ಕಟ್ಟಿ ನಡುವೆ ಮಣ್ಣು ತುಂಬಿರುತ್ತಾರೆ; ಡ್ರಿಲ್ಲಿನ ಅದುರಿಗೆ ಆ ಮಣ್ಣು ಕುಸಿಯುತ್ತದೆ. ಚೌಕಟ್ಟಿನ ಮೇಲ್ಮೂಲೆಯಿಂದಲೋ ಗೋಡೆಯ ಬೆಳಕಿಂಡಿಯಿಂದಲೋ ದಾಟಿಸಿ, ತೊಲೆಯ ಬದಿಗೆ ಕೇಸಿಂಗ್ ಪಟ್ಟಿಯಲ್ಲಿ ಒಯ್ಯಿರಿ. ಬೋರಿನ ಮೋಟಾರಿನ ವಿದ್ಯುತ್ ತಂತಿಯ ಜೊತೆಗೆ ಒಂದೇ ಪೈಪಿನಲ್ಲಿ ಹಾಕಬೇಡಿರಿ. ಅಡ್ಡ ಬಂದರೆ ನೇರ ಅಡ್ಡಲಾಗಿ ದಾಟಿಸಿರಿ.

ಕೇಬಲ್ ಎಲ್ಲಿಯಾದರೂ ಬಯಲು ಹಿತ್ತಲನ್ನು ದಾಟುವುದಿದ್ದರೆ ಮಾತ್ರ ಮತ್ತೊಮ್ಮೆ ಕೇಳಿರಿ. ಅಡ್ಡಮಳೆಯ ಸಿಡಿಲಿಗೆ ಬಯಲಿನಲ್ಲಿ ಹಾದ ತಾಮ್ರದ ಕೇಬಲುಗಳು ಎರಡೂ ತುದಿಯ ಪೆಟ್ಟಿಗೆಗಳನ್ನು ಸುಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಥ ಕಡೆ ವಿದ್ಯುತ್ ಹರಿಯದ ಫೈಬರನ್ನೇ ಹಾಕುವುದು ಸರಿ.

ಟಿಳಕವಾಡಿ ವಿದ್ಯಾರ್ಥಿನಿ, ಬೆಳಗಾವಿ

ಕಾಕಾ, ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಸಂಪರ್ಕ ಕೊಡುವುದರ ಬಗ್ಗೆ ಕೇಳಿದ್ದೀರಿ. ಮೇಲಿನವರು ಅದನ್ನು ಬಿಟ್ಟಿದ್ದರಿಂದ ನಾನು ಬರೆಯುತ್ತಿದ್ದೇನೆ. ವಿಂಡೋಸಿನಲ್ಲಿ ಈ ಸೌಲಭ್ಯ 1999ರ ವಿಂಡೋಸ್ 98 ಎರಡನೆಯ ಆವೃತ್ತಿಯಿಂದಲೂ ಇದೆ. ಆಗ ಮನೆಗಳಲ್ಲಿ ರೌಟರ್ ಇರುತ್ತಿರಲಿಲ್ಲ, ದೂರವಾಣಿ ತಂತಿಗೆ ಜೋಡಿಸಿದ ಒಂದು ಮೋಡೆಮ್ ಒಂದೇ ಕಂಪ್ಯೂಟರಿಗೆ ಇರುತ್ತಿತ್ತು. ಆದ್ದರಿಂದ ಆ ಕಂಪ್ಯೂಟರೇ ಹಂಚುವವನೂ ಆಗಬೇಕಿತ್ತು.

ಕಳೆದ ವರ್ಷ ನಮ್ಮ ಓಣಿಯಲ್ಲಿ ರಸ್ತೆ ಅಗೆಯುವಾಗ ಫೈಬರ್ ತುಂಡಾಗಿ ನಾಲ್ಕು ದಿನ ಸಂಪರ್ಕ ಇರಲಿಲ್ಲ. ನನ್ನ ಮೊಬೈಲನ್ನು ಯುಎಸ್‌ಬಿ ತಂತಿಯಿಂದ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿ, ಲ್ಯಾಪ್‌ಟಾಪಿನಿಂದ ಲ್ಯಾನ್ ಕೇಬಲ್ ಮೂಲಕ ಅಣ್ಣನ ಕಂಪ್ಯೂಟರಿಗೆ ಹಂಚಿದೆ. ಜಾಲ ಸಂಪರ್ಕಗಳ ಪಟ್ಟಿಯಲ್ಲಿ, ಇಂಟರ್‌ನೆಟ್ ಬರುತ್ತಿರುವ ಸಂಪರ್ಕದ ಪ್ರಾಪರ್ಟೀಸ್ ತೆರೆದು, ಶೇರಿಂಗ್ ಎಂಬ ಹಾಳೆಯಲ್ಲಿ ಗುರುತು ಹಾಕಿ, ಕೆಳಗೆ ಲ್ಯಾನ್ ಸಂಪರ್ಕವನ್ನು ಆರಿಸಿದರೆ ಮುಗಿಯಿತು. ಹಂಚುವ ಕಂಪ್ಯೂಟರ್ ತನಗೆ 192.168.137.1 ಎಂಬ ವಿಳಾಸ ಇಟ್ಟುಕೊಂಡು, ಇನ್ನೊಂದಕ್ಕೆ ಅದೇ ಸಾಲಿನ ವಿಳಾಸ ಕೊಡುತ್ತದೆ. ಅಣ್ಣನ ಕಂಪ್ಯೂಟರಿನಲ್ಲಿ 169.254 ಎಂದು ಶುರುವಾಗುವ ವಿಳಾಸ ಕಂಡುಬಂದಾಗ ನನಗೆ ಮೊದಲು ಅರ್ಥವಾಗಲಿಲ್ಲ. ವಿಳಾಸ ಕೊಡುವವರು ಯಾರೂ ಸಿಗದೆ ಕಂಪ್ಯೂಟರ್ ತನಗೆ ತಾನೇ ಇಟ್ಟುಕೊಳ್ಳುವ ವಿಳಾಸ ಅದು. ಶೇರಿಂಗ್ ಗುರುತನ್ನು ತೆಗೆದು ಮತ್ತೆ ಹಾಕಿದಾಗ ಸರಿಹೋಯಿತು.

ಆದರೆ ನಿಮ್ಮ ಮನೆಗೆ ಇದನ್ನು ನಾನು ಹೇಳುವುದಿಲ್ಲ. ಅಂಗಡಿಯ ಕಂಪ್ಯೂಟರ್ ಆರಿಸಿದರೆ ತಂಗಿಯ ಪಾಠವೂ ನಿಲ್ಲುತ್ತದೆ. ನೀವು ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚುತ್ತೀರಿ, ಸಿಇಟಿಗೆ ಓದುವವಳು ಹನ್ನೊಂದರವರೆಗೆ ಕುಳಿತಿರುತ್ತಾಳೆ. ಅಲ್ಲದೆ ಆ ಕಂಪ್ಯೂಟರಿನಲ್ಲಿ ಎರಡನೆಯ ಲ್ಯಾನ್ ತೂತು ಇಲ್ಲದಿದ್ದರೆ ಅದನ್ನೂ ಕೊಳ್ಳಬೇಕಾಗುತ್ತದೆ. ಆ ಹಣದಲ್ಲಿ ಕೇಬಲೇ ಬರುತ್ತದೆ.

ಖಣದಂಗಡಿ, ಗುಳೇದಗುಡ್ಡ

ಇಬ್ಬರಿಗೂ ತುಂಬಾ ಉಪಕಾರವಾಯಿತು. ಬೆಳಗಾವಿಯ ತಂಗಿ ಬರೆದ ರಾತ್ರಿಯ ಮಾತು ನನ್ನ ಮನಸ್ಸಿಗೆ ನಾಟಿತು, ಆ ವಿಚಾರವನ್ನು ಅಲ್ಲಿಗೇ ಬಿಟ್ಟೆ.

ಕೇಬಲ್ ತಂದೆವು. ನಡುಮನೆಯ ಬಾಗಿಲಿನ ಮೇಲೆ ಗಾಳಿಗೆಂದು ಅಜ್ಜ ಬಿಟ್ಟಿದ್ದ ಒಂದು ಗೇಣಿನ ಕಿಂಡಿಯಿತ್ತು. ಗುಬ್ಬಿ ಗೂಡು ಕಟ್ಟಿ ಬಿಟ್ಟುಹೋಗಿದ್ದ ಹುಲ್ಲನ್ನು ತೆಗೆದು ಅದರಿಂದಲೇ ದಾಟಿಸಿದೆವು. ಬಯಲು ಎಲ್ಲಿಯೂ ಬರುವುದಿಲ್ಲ. ಅಳತೆ ಹಿಡಿದರೆ ಎಪ್ಪತ್ತೆರಡು ಅಡಿ ಆಯಿತು. ತುದಿಗಳಿಗೆ ಪ್ಲಗ್ ಕೂರಿಸಲು ಪಕ್ಕದ ಓಣಿಯ ಹುಡುಗನನ್ನು ಕರೆದೆ. ಮಗಳ ಕಂಪ್ಯೂಟರಿಗೆ ಇಂಟರ್‌ನೆಟ್ ಬಂತು, ವೇಗ ಪರೀಕ್ಷೆಯಲ್ಲಿ 38 ತೋರಿಸಿತು. ಪಾಠಗಳು ನಿಲ್ಲದೆ ನಡೆಯುತ್ತಿವೆ.

ಎರಡು ಸಂಗತಿಗಳು ಉಳಿದಿವೆ. ಅಂಗಡಿಯಲ್ಲಿರುವ ಖಣಗಳ ಫೋಟೊಗಳನ್ನು ಮಗಳ ಕಂಪ್ಯೂಟರಿಗೆ ನಕಲು ಮಾಡಿದರೆ ಸೆಕೆಂಡಿಗೆ 11 ಎಂಬಿಯ ಮೇಲೆ ಹೋಗುವುದೇ ಇಲ್ಲ. ಕೇಬಲಿನ ಎಳೆಗಳನ್ನು ಪರೀಕ್ಷಿಸುವ ಹುಡುಗನ ಟೆಸ್ಟರಿನಲ್ಲಿ ಏಳನೆಯ ದೀಪ ಹತ್ತುವುದಿಲ್ಲ, ಅವನು ‘ನಡೆಯುತ್ತದಲ್ಲ, ಬಿಡಿ’ ಎಂದು ಹೋದ. ಇನ್ನೊಂದು, ನಾನು ಸಂಜೆ ವ್ಯಾಪಾರಸ್ಥರಿಗೆಂದು ನೂರಾರು ಫೋಟೊಗಳನ್ನು ಏರಿಸಲು ಶುರು ಮಾಡಿದೊಡನೆ ಮಗಳ ಪಾಠ ಮತ್ತೆ ನಿಲ್ಲುತ್ತದೆ. 40ರಲ್ಲಿ ಫೋಟೊ ಕಳುಹಿಸಲು ಅಷ್ಟೊಂದು ಬೇಕೇ?

ತಂತಿಕೆಲಸ, ವಿಜಯಪುರ

ಅಣ್ಣನವರೇ, ಏಳನೆಯ ದೀಪವನ್ನು ಬಿಡಬೇಡಿರಿ. ಕೇಬಲಿನೊಳಗೆ ಎಂಟು ಎಳೆಗಳು, ನಾಲ್ಕು ಜೋಡಿಗಳು. 100 ಎಂಬಿಪಿಎಸ್ ವೇಗಕ್ಕೆ 1, 2, 3, 6ನೆಯ ಎಳೆಗಳು ಮಾತ್ರ ಸಾಕು, ಗಿಗಾಬಿಟ್ಟಿಗೆ, ಅಂದರೆ 1000 ಎಂಬಿಪಿಎಸ್ ವೇಗಕ್ಕೆ, ಎಂಟೂ ಬೇಕು. ಏಳನೆಯದು ತಾಗದೆ ಇರುವುದರಿಂದ ಎರಡು ತುದಿಗಳೂ ಒಪ್ಪಂದ ಮಾಡಿಕೊಂಡು 100ಕ್ಕೆ ಇಳಿದಿವೆ. ಎಂಬಿಪಿಎಸ್ ಎಂಬುದು ಬಿಟ್ಟುಗಳ ಲೆಕ್ಕ, ನೀವು ಹೇಳಿದ ಎಂಬಿ ಬೈಟುಗಳ ಲೆಕ್ಕ; ಎಂಟು ಬಿಟ್ ಸೇರಿದರೆ ಒಂದು ಬೈಟ್. 100ನ್ನು ಎಂಟರಿಂದ ಭಾಗಿಸಿದರೆ ಹನ್ನೆರಡೂವರೆ, ಸಾಗಾಟದ ಕಟ್ಟುಗಳ ಭಾರ ಕಳೆದರೆ ನೀವು ಕಂಡ 11. ಇಂಟರ್‌ನೆಟ್ 40 ಮಾತ್ರ ಇರುವುದರಿಂದ ಅದರಲ್ಲಿ ಕೊರತೆ ಗೊತ್ತಾಗಲಿಲ್ಲ. ಆದರೆ ಅರ್ಧ ತಾಗಿದ ಎಳೆ ಮಳೆಗಾಲದ ತೇವಕ್ಕೆ ಇನ್ನಷ್ಟು ಕೆಡುತ್ತದೆ, ಆಗ ಸಂಪರ್ಕ ಬಂದು ಹೋಗತೊಡಗಿದರೆ ದೋಷ ಹುಡುಕುವುದು ಕಷ್ಟ.

ಯಾವ ತುದಿ ತಪ್ಪಾಗಿದೆ ಎಂದು ಪ್ಲಗ್ಗಿನ ಪಾರದರ್ಶಕ ಮೂಗನ್ನು ಬೆಳಕಿಗೆ ಹಿಡಿದು ನೋಡಿರಿ. ಎಂಟು ತಾಮ್ರದ ಚುಕ್ಕೆಗಳೂ ಮುಂದಿನ ಗೋಡೆಗೆ ಮುಟ್ಟಿ ಹೊಳೆಯಬೇಕು. ಒಂದು ಹಿಂದೆ ಉಳಿದಿದ್ದರೆ ಅದೇ ನಿಮ್ಮ ಏಳನೆಯದು. ಆ ಪ್ಲಗ್ಗನ್ನು ಕತ್ತರಿಸಿ ಹೊಸದು ಹಾಕಬೇಕು, ಒಮ್ಮೆ ಒತ್ತಿದ ಪ್ಲಗ್ ಮತ್ತೆ ಬಳಕೆಗೆ ಬರುವುದಿಲ್ಲ. ಪ್ಲಗ್ಗಿನ ಕೊಕ್ಕೆ ಕೆಳಗಿರುವಂತೆ, ಮೂಗು ಆಚೆಗಿರುವಂತೆ ಹಿಡಿದು, ಎಡದಿಂದ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು ಎಂದು ಸಾಲಾಗಿ ಜೋಡಿಸಿರಿ. ಎರಡೂ ತುದಿಗೆ ಇದೇ ಸಾಲು. ಎಳೆಗಳ ಹೊಸೆತವನ್ನು ಅರ್ಧ ಅಂಗುಲಕ್ಕಿಂತ ಹೆಚ್ಚು ಬಿಚ್ಚಬೇಡಿರಿ. ಒಂದು ಜೋಡಿಯ ಸದ್ದು ಇನ್ನೊಂದಕ್ಕೆ ತಾಗದಂತೆ ಕಾಯುವುದು ಆ ಹೊಸೆತವೇ. ಹೊರಗಿನ ನೀಲಿಯೋ ಬೂದಿಯೋ ಬಣ್ಣದ ಸಿಪ್ಪೆ ಪ್ಲಗ್ಗಿನ ಒಳಗೆ ಹೋಗಿ ಅದರ ಹಲ್ಲಿನ ಕೆಳಗೆ ಸಿಕ್ಕಿಕೊಳ್ಳಬೇಕು. ಬರೀ ಎಳೆಗಳ ಮೇಲೆ ಜಗ್ಗು ಬಿದ್ದರೆ ಎರಡು ತಿಂಗಳಲ್ಲಿ ಕಿತ್ತುಬರುತ್ತದೆ. ನೂಲಿನ ಎಳೆ ಹಿಡಿದ ಕೈ ನಿಮ್ಮದು, ನೀವೇ ಮಾಡಿದರೆ ಆ ಹುಡುಗನಿಗಿಂತ ಚೆನ್ನಾಗಿ ಬರುತ್ತದೆ ಎಂಬ ನಂಬಿಕೆ ನನಗಿದೆ.

ಇನ್ನೊಂದು ಮಾತು: ಕೆಲವು ಪೆಟ್ಟಿಗೆಗಳಲ್ಲಿ ಒಂದು ತೂತು ಮಾತ್ರ ಗಿಗಾಬಿಟ್ ಆಗಿದ್ದು ಉಳಿದವು 100ರವೇ ಇರುತ್ತವೆ. ದೀಪ ಸರಿಹೋದ ಮೇಲೂ 11ರಲ್ಲಿಯೇ ನಿಂತರೆ ತೂತಿನ ಮೇಲಿನ ಗುರುತನ್ನು ನೋಡಿರಿ, ಕೇಬಲಿನ ತಪ್ಪೆಂದು ತಿಳಿಯಬೇಡಿರಿ.

ಲೆಕ್ಕಪತ್ರ, ಜಮಖಂಡಿ

ಸಂಜೆ ಪಾಠ ನಿಲ್ಲುವ ತೊಂದರೆ ನನ್ನ ಆಫೀಸಿನಲ್ಲಿಯೂ ಇತ್ತು, ಅದಕ್ಕೆ ಉತ್ತರ ಹೇಳಬಲ್ಲೆ. ವೇಗ ಅರ್ಧವಾಗುತ್ತದೆಯೇ ಎಂಬ ತಮ್ಮ ಮೊದಲ ಪ್ರಶ್ನೆಗೂ ಇದೇ ಉತ್ತರ.

ಎರಡು ಕಂಪ್ಯೂಟರ್ ಇದ್ದ ಮಾತ್ರಕ್ಕೆ ಇಪ್ಪತ್ತು ಇಪ್ಪತ್ತು ಎಂದು ಪಾಲಾಗುವುದಿಲ್ಲ. ಒಂದು ಸುಮ್ಮನಿದ್ದರೆ ಇನ್ನೊಂದಕ್ಕೆ ಪೂರ್ತಿ ಸಿಗುತ್ತದೆ. ಸ್ಪಷ್ಟವಾದ ವಿಡಿಯೊ ಪಾಠಕ್ಕೆ ಸುಮಾರು 5 ಎಂಬಿಪಿಎಸ್ ಸಾಕು, ರಿಟರ್ನ್ ಸಲ್ಲಿಸಲು ಅದೂ ಬೇಕಿಲ್ಲ. ಆದ್ದರಿಂದ ತಮಗೆ ಹೆಚ್ಚಿನ ಬೆಲೆಯ ಯೋಜನೆ ಬೇಕಾಗಿಲ್ಲ. ಯಾರಾದರೂ ಹಾಗೆ ಹೇಳಿದರೆ ಒಪ್ಪಬೇಡಿರಿ.

ತೊಂದರೆ ಇರುವುದು ಕಳುಹಿಸುವ ದಾರಿಯಲ್ಲಿ. ಫೋಟೊಗಳನ್ನು ಏರಿಸುವ ತಂತ್ರಾಂಶ ಸಿಕ್ಕಷ್ಟು ಜಾಗವನ್ನೂ ತುಂಬುತ್ತದೆ, ಸ್ವಲ್ಪ ಬಿಡೋಣ ಎಂಬ ವಿವೇಚನೆ ಅದಕ್ಕಿಲ್ಲ. ಮಗಳ ಕಂಪ್ಯೂಟರ್ ಪಾಠದ ತುಣುಕುಗಳನ್ನು ಪಡೆಯುವಾಗ ‘ಬಂತು, ಮುಂದಿನದು ಕಳುಹಿಸಿ’ ಎಂಬ ಚಿಕ್ಕ ಚಿಕ್ಕ ಉತ್ತರಗಳನ್ನು ಹಿಂದಕ್ಕೆ ಕಳುಹಿಸುತ್ತಲೇ ಇರಬೇಕು. ಆ ಚೀಟಿಗಳು ತಮ್ಮ ಫೋಟೊಗಳ ಹಿಂದೆ ಪೆಟ್ಟಿಗೆಯ ಸರದಿಯಲ್ಲಿ ಸಿಕ್ಕಿಕೊಳ್ಳುತ್ತವೆ. ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬೈಕಿನವನು ಸಿಕ್ಕಿಕೊಂಡಂತೆ: ಅವನಿಗೆ ಬೇಕಾದ ಜಾಗ ಎರಡು ಅಡಿ, ಆದರೆ ಮುಂದೆ ಹೋಗುವಂತಿಲ್ಲ. ಉತ್ತರ ತಡವಾದರೆ ಆಚೆಯಿಂದ ಕಳುಹಿಸುವವರೂ ನಿಧಾನ ಮಾಡುತ್ತಾರೆ, ಹೀಗಾಗಿ ಬರುವ ದಾರಿ ಖಾಲಿ ಇದ್ದರೂ ಪಾಠ ನಿಲ್ಲುತ್ತದೆ.

ಫೋಟೊ ಏರಿಸುವ ತಂತ್ರಾಂಶದ ಸೆಟ್ಟಿಂಗಿನಲ್ಲಿ ಅಪ್‌ಲೋಡ್ ಮಿತಿ ಎಂಬುದು ಇದ್ದರೆ, ತಮಗೆ ಸಿಗುವ ಕಳುಹಿಸುವ ವೇಗದ ಮುಕ್ಕಾಲು ಪಾಲಿಗೆ ಇಳಿಸಿರಿ. ಆ ಸೌಲಭ್ಯ ಇಲ್ಲವಾದರೆ ರೌಟರಿನ ಪುಟದಲ್ಲಿ ಅಂಗಡಿಯ ಕಂಪ್ಯೂಟರಿಗೆ ಮಿತಿ ಹಾಕಲು ಬರುತ್ತದೆಯೇ ನೋಡಿರಿ. ನಾನು ಮಿತಿ ಹಾಕಿದ ಮೇಲೆ ಬ್ಯಾಕಪ್ ಹತ್ತು ನಿಮಿಷ ಹೆಚ್ಚು ತೆಗೆದುಕೊಂಡಿತು, ಅಷ್ಟೇ. ಪಕ್ಕದ ಮೇಜಿನವರ ಸಭೆ ಒಮ್ಮೆಯೂ ನಿಲ್ಲಲಿಲ್ಲ. ಫೋಟೊಗಳ ಅಳತೆಯನ್ನೂ ಕಡಿಮೆ ಮಾಡಿರಿ. ಖಣದ ದಡಿಯ ನೇಯ್ಗೆ ಸ್ಪಷ್ಟವಾಗಿ ಕಾಣಲು ಕ್ಯಾಮೆರಾ ಕೊಡುವ ಪೂರ್ತಿ ಗಾತ್ರ ಬೇಕಾಗಿಲ್ಲ.

ವಿಂಡೋಸ್ ಅಪ್‌ಡೇಟಿಗೂ ಒಂದು ಉಪಾಯವಿದೆ. ಅದರ ಸೆಟ್ಟಿಂಗಿನಲ್ಲಿ ಡೆಲಿವರಿ ಆಪ್ಟಿಮೈಸೇಶನ್ ಎಂಬಲ್ಲಿ, ಮನೆಯ ಜಾಲದ ಕಂಪ್ಯೂಟರುಗಳಿಂದ ಮಾತ್ರ ಪಡೆಯಲು ಅನುಮತಿ ಕೊಟ್ಟರೆ, ಒಂದು ಕಂಪ್ಯೂಟರ್ ಈಗಾಗಲೇ ಇಳಿಸಿಕೊಂಡ ಭಾಗಗಳನ್ನು ಇನ್ನೊಂದು ಅದರಿಂದಲೇ ತೆಗೆದುಕೊಳ್ಳಬಲ್ಲದು.

ಖಣದಂಗಡಿ, ಗುಳೇದಗುಡ್ಡ

ನಿನ್ನೆ ರವಿವಾರ ಎರಡೂ ಕೆಲಸ ಮುಗಿಸಿದೆ. ತಪ್ಪು ಮಗಳ ಕೋಣೆಯ ತುದಿಯಲ್ಲಿತ್ತು. ಬೆಳಕಿಗೆ ಹಿಡಿದಾಗ ಬಿಳಿ-ಕಂದು ಎಳೆ ಕೂದಲೆಳೆಯಷ್ಟು ಹಿಂದೆ ನಿಂತದ್ದು ಕಾಣಿಸಿತು. ಹುಡುಗನಿಂದ ಕ್ರಿಂಪಿಂಗ್ ಟೂಲನ್ನು ಎರವಲು ತಂದು, ಎರಡು ಪ್ಲಗ್ ಕೆಡಿಸಿ, ಮೂರನೆಯದನ್ನು ಸರಿಯಾಗಿ ಕೂರಿಸಿದೆ. ಎಂಟೂ ದೀಪಗಳು ಸಾಲಾಗಿ ಹತ್ತಿದವು. ಈಗ ಫೋಟೊಗಳು ಸೆಕೆಂಡಿಗೆ 80 ಎಂಬಿಯವರೆಗೆ ಹೋಗುತ್ತಿವೆ. ಕಳುಹಿಸುವ ಮಿತಿಯನ್ನೂ ಹಾಕಿದೆ. ಸಂಜೆ ಏಳರಿಂದ ಎಂಟರವರೆಗೆ ನಾನು ಫೋಟೊ ಏರಿಸಿದೆ, ಮಗಳು ಅದೇ ಹೊತ್ತಿನಲ್ಲಿ ಭೌತಶಾಸ್ತ್ರದ ಪಾಠ ಕೇಳಿದಳು, ಒಮ್ಮೆಯೂ ಎದ್ದು ಬರಲಿಲ್ಲ.

ಕರೆಂಟ್ ಹೋದಾಗ ಗೋಡೆಯ ಪೆಟ್ಟಿಗೆ ಆರುತ್ತದೆ. ಅದರ ಅಡಾಪ್ಟರಿನ ಮೇಲೆ 12 ವೋಲ್ಟ್, 1 ಆಂಪಿಯರ್ ಎಂದು ಬರೆದಿದೆ. ಅದಕ್ಕೊಂದು ಚಿಕ್ಕ ಯುಪಿಎಸ್ ಸಾಕೇ?

ತಂತಿಕೆಲಸ, ವಿಜಯಪುರ

ಸಾಕು. ಆ ಅಡಾಪ್ಟರ್ ಕೊಡುವುದೇ ಹೆಚ್ಚೆಂದರೆ 12 ವ್ಯಾಟ್, ಪೆಟ್ಟಿಗೆ ಅದಕ್ಕಿಂತ ಕಡಿಮೆಯನ್ನೇ ಬಳಸುತ್ತದೆ. 12 ವೋಲ್ಟಿನ ರೌಟರ್ ಯುಪಿಎಸ್ ಎಂದು ಕೇಳಿರಿ, ಮತ್ತು ಕೊಳ್ಳುವ ಮೊದಲು ಪಿನ್ನಿನ ಅಳತೆ ಕೂರುತ್ತದೆಯೇ ಎಂದು ಅಂಗಡಿಗೆ ಹಳೆಯ ಅಡಾಪ್ಟರನ್ನೇ ಒಯ್ದು ನೋಡಿರಿ. ಮಗಳ ಕಂಪ್ಯೂಟರಿಗೆ ಬೇರೆ ಯುಪಿಎಸ್ ಬೇಕಾಗುತ್ತದೆ. ಕೇಬಲಿಗೆ ಏನೂ ಬೇಕಾಗಿಲ್ಲ.